ನಾಲ್ಕು ಬೆರಳಿನ ಅಂತರ

ಹೈಸ್ಕೂಲಿನ ಗಣಿತದಲ್ಲಿ ರಾಮು, ಸೋಮು ಎಂಬಿಬ್ಬರು ಸದಾ ಓಡುತ್ತಲೇ ಇರುತ್ತಾರೆ. ಅವರಿಗೆ ದಣಿವೆಂಬುದಿಲ್ಲ, ದಣಿಯುವವರು ಲೆಕ್ಕ ಬಿಡಿಸುವ ಮಕ್ಕಳು. 100 ಮೀಟರ್ ಓಟದಲ್ಲಿ ರಾಮು ಗುರಿ ಮುಟ್ಟಿದಾಗ ಸೋಮು 10 ಮೀಟರ್ ಹಿಂದಿದ್ದ ಎನ್ನಿ. ಮರುದಿನ ರಾಮು ದೊಡ್ಡ ಮನಸ್ಸು ಮಾಡಿ, 'ನಾನು 10 ಮೀಟರ್ ಹಿಂದಿನಿಂದ ಹೊರಡುತ್ತೇನೆ' ಎಂದ. ಇಬ್ಬರ ವೇಗವೂ ನಿನ್ನೆಯದೇ. ಈಗ ಗೆಲ್ಲುವವರು ಯಾರು?

'ಇಬ್ಬರೂ ಸಮ' ಎಂದಿರಾ? ಬೇಸರ ಬೇಡ. ಹಾಗೆ ಬರೆದು ಸೊನ್ನೆ ಪಡೆದವರ ಪೈಕಿ ನಾನೂ ಒಬ್ಬ. ಸೂತ್ರಗಳನ್ನು ಬದಿಗಿಟ್ಟು ಯೋಚಿಸಿ. ರಾಮು 100 ಮೀಟರ್ ಓಡುವಷ್ಟರಲ್ಲಿ ಸೋಮು ಓಡುವುದು 90 ಮೀಟರ್. ಹಿಂದಿನಿಂದ ಹೊರಟ ರಾಮು 100 ಮೀಟರ್ ಓಡಿದಾಗ ಎಲ್ಲಿರುತ್ತಾನೆ? 90ರ ಗುರುತಿನಲ್ಲಿ. ಸೋಮುವೂ ಅಲ್ಲೇ. ಇಬ್ಬರೂ ಜೊತೆಯಾದರು, ಇನ್ನೂ 10 ಮೀಟರ್ ಬಾಕಿ ಇದೆ. ಅದರಲ್ಲಿ ಸೋಮು 9 ಮೀಟರ್ ಓಡುವಷ್ಟರಲ್ಲಿ ರಾಮು ಗುರಿ ತಲುಪಿಬಿಡುತ್ತಾನೆ. ಸಮವಾಗಬೇಕಾದರೆ ರಾಮು ಸುಮಾರು 11 ಮೀಟರ್ 11 ಸೆಂಟಿಮೀಟರ್ ಹಿಂದೆ ನಿಲ್ಲಬೇಕು. ಆದರೆ ಸೋಮುವನ್ನೇ 10 ಮೀಟರ್ ಮುಂದೆ ನಿಲ್ಲಿಸಿದರೆ ಲೆಕ್ಕ ಸರಿಯಾಗಿ ಸಮ! ನನಗೆ ಸೊನ್ನೆ ತಂದದ್ದು ಈ ವ್ಯತ್ಯಾಸವೇ.

ಸಾಪೇಕ್ಷ ವೇಗವೆಂದರೆ ಇಷ್ಟೇ: ಒಬ್ಬ ಓಟಗಾರನ ಹೆಗಲ ಮೇಲೆ ಕುಳಿತು ಇನ್ನೊಬ್ಬನನ್ನು ನೋಡುವುದು. 400 ಮೀಟರ್ ಸುತ್ತಳತೆಯ ಮೈದಾನದಲ್ಲಿ ಸೆಕೆಂಡಿಗೆ 5 ಮೀಟರ್ ಓಡುವವನು, 4 ಮೀಟರ್ ಓಡುವವನಿಂದ ಸೆಕೆಂಡಿಗೆ ಒಂದೇ ಮೀಟರ್ ದೂರವಾಗುತ್ತಾನೆ. ಒಟ್ಟಿಗೇ ಹೊರಟರೆ, ಒಂದು ಸುತ್ತು ಹೆಚ್ಚು ಓಡಿ ಹಿಂದಿನಿಂದ ಬಂದು ಹಿಡಿಯಲು 400 ಸೆಕೆಂಡು ಬೇಕು. ಎದುರುಬದುರಾಗಿ ಓಡಿದರೋ, 45 ಸೆಕೆಂಡಿನೊಳಗೇ ಭೇಟಿ.

ಪಕ್ಕದ ಮನೆಯ ಹುಡುಗನಿಗೆ ಇದೆಲ್ಲ ರುಚಿಸಲಿಲ್ಲ. 'ರಾಮು ಗೆದ್ದರೇನು, ಸೋಮು ಗೆದ್ದರೇನು ಅಂಕಲ್' ಎಂದ. ಮಾತು ನಿಜವೇ. ಆದ್ದರಿಂದ ನಿಜವಾದ ಓಟವೊಂದನ್ನು ಕೊಟ್ಟೆ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್. ಮಹಿಳೆಯರ 400 ಮೀಟರ್ ಹರ್ಡಲ್ಸ್ ಒಲಿಂಪಿಕ್ಸ್‌ಗೆ ಸೇರ್ಪಡೆಯಾದದ್ದು ಆ ವರ್ಷವೇ. ಮೊರಾಕ್ಕೊದ ನವಾಲ್ ಎಲ್ ಮುತವಕಿಲ್ 54.61 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಮೂರನೆಯವರು ರುಮೇನಿಯದ ಕ್ರಿಸ್ಟಿಯಾನಾ ಕೊಜೊಕಾರು, 55.41. ನಾಲ್ಕನೆಯವರು ನಮ್ಮ ಪಿ.ಟಿ. ಉಷಾ, 55.42. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕೈತಪ್ಪಿತೆಂದು ಎಲ್ಲರೂ ಬಲ್ಲರು. ಅದು ಎಷ್ಟು ದೂರ?

ಹುಡುಗ ಪೆನ್ಸಿಲ್ ಹಿಡಿದ. 400ನ್ನು 55.42ರಿಂದ ಭಾಗಿಸಿದರೆ ಉಷಾ ವೇಗ ಸೆಕೆಂಡಿಗೆ ಸುಮಾರು 7.22 ಮೀಟರ್. ಸೆಕೆಂಡಿನ ನೂರನೇ ಒಂದು ಭಾಗಕ್ಕೆ 7.2 ಸೆಂಟಿಮೀಟರ್. ನಾಲ್ಕು ಬೆರಳು ಜೋಡಿಸಿದಷ್ಟು ಅಗಲ! ಇಬ್ಬರ ವೇಗವನ್ನು ಕಳೆದು ನೋಡಿದರೆ ಸಾಪೇಕ್ಷ ವೇಗ ಸೆಕೆಂಡಿಗೆ 1.3 ಮಿಲಿಮೀಟರ್. ಅದೇ ವೇಗಗಳಲ್ಲಿ ಇಬ್ಬರೂ ಓಡುತ್ತ ಹೋಗಿದ್ದರೆ, ಕೊಜೊಕಾರು ಒಂದೇ ಒಂದು ಮೀಟರ್ ಮುಂದಾಗಲು ಸುಮಾರು 13 ನಿಮಿಷ ಹಿಡಿಯುತ್ತಿತ್ತು.

ಹುಡುಗ ಸ್ಕೇಲು ತೆಗೆದು ನೋಟ್‌ಬುಕ್ಕಿನಲ್ಲಿ 7.2 ಸೆಂ.ಮೀ. ಗೆರೆ ಎಳೆದ. 'ಇಷ್ಟೇನಾ?' ಎಂದ.

ಇದು ಸರಾಸರಿ ವೇಗದ ಲೆಕ್ಕ ಎಂಬುದನ್ನೂ ಅವನಿಗೆ ಹೇಳಬೇಕಾಯಿತು. ರಾಮು, ಸೋಮು ಮೊದಲಿಂದ ಕೊನೆವರೆಗೆ ಒಂದೇ ವೇಗದಲ್ಲಿ ಓಡಬಲ್ಲರು. ಹತ್ತು ಹರ್ಡಲ್ ದಾಟಿ ಬಂದ ಕಾಲುಗಳು ಕೊನೆಯಲ್ಲಿ ನಿಧಾನವಾಗುತ್ತವೆ. ಹಾಗಾಗಿ ಗೆರೆಯ ಬಳಿ ಆ ಅಂತರ ಇನ್ನೂ ಕಡಿಮೆಯೇ ಇದ್ದಿರಬೇಕು.