ಎರಡು ಯಂತ್ರಗಳು: ವಿಲಾಸವೋ, ವಿವೇಕವೋ?

ಒಂದೇ ಮನೆಯಲ್ಲಿ ಎರಡು ಹಾಡಿನ ಯಂತ್ರಗಳೇಕೆ? ಕೊಪ್ಪಳದಲ್ಲಾಗಲಿ ಗಂಗಾವತಿಯಲ್ಲಾಗಲಿ, ಹಳೆಯ ಧ್ವನಿಮುದ್ರಿಕೆಗಳನ್ನು ಕಾಪಾಡಿಕೊಂಡು ಬಂದವನಿಗೆ ಈ ಪ್ರಶ್ನೆಯು ತಪ್ಪಿದ್ದಲ್ಲ. ಕೇಳುವವರು ಇದನ್ನು ಸಿರಿವಂತಿಕೆಯ ಶೋಕಿಯೆಂದು ನಿಶ್ಚಯಿಸಿಕೊಂಡೇ ಕೇಳುವರು. ಆದರೆ ಆ ಮಹನೀಯರ ಅಜ್ಜಿಯ ಅಡುಗೆಮನೆಯಲ್ಲಿ ಬೀಸುವ ಕಲ್ಲೂ ಒರಳೂ ಅಕ್ಕಪಕ್ಕದಲ್ಲಿಯೇ ಇದ್ದುವಷ್ಟೆ. ಎರಡೂ ಕಲ್ಲೇ, ಆದರೂ ಒರಳಿನಲ್ಲಿ ಜೋಳವನ್ನು ಬೀಸಿದವರುಂಟೇ?

ಧ್ವನಿಮುದ್ರಿಕೆಗಳಲ್ಲಿಯೂ ಮುಖ್ಯವಾಗಿ ಎರಡು ಜಾತಿಗಳಿವೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಂದಿನಿಂದ ಅರ್ಧ ಶತಮಾನಕ್ಕೂ ಮೇಲ್ಪಟ್ಟು ನಮ್ಮ ದೇಶದಲ್ಲಿ ಹರಡಿದವು ಅರಗಿನ ತಟ್ಟೆಗಳು. ಇವು ನಿಮಿಷಕ್ಕೆ 78 ಸುತ್ತು ತಿರುಗುವುವು. ಹತ್ತಂಗುಲದ ತಟ್ಟೆಯ ಒಂದು ಮಗ್ಗುಲು ಮೂರು ನಿಮಿಷಗಳಲ್ಲಿ ಮುಗಿಯುವುದು. ಇನ್ನೊಂದು ಜಾತಿಯು 1948ರಲ್ಲಿ ಅಮೇರಿಕದಲ್ಲಿ ಹೊರಬಂದ ವಿನೈಲ್ ತಟ್ಟೆ. ಇದು ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗಿ, ಮಗ್ಗುಲಿಗೆ ಇಪ್ಪತ್ತು ನಿಮಿಷಗಳಿಗೂ ಹೆಚ್ಚು ಕಾಲ ಹಾಡುವುದು.

ಭೇದವು ವೇಗದಲ್ಲಿ ಮಾತ್ರವಿದ್ದರೆ ಮೂರು ವೇಗಗಳ ಒಂದೇ ಯಂತ್ರವು ಸಾಕಾಗುತ್ತಿತ್ತು. ನಿಜವಾದ ತೊಡಕು ಸೂಜಿಯಲ್ಲಿದೆ. ಅರಗಿನ ತಟ್ಟೆಯ ಗೀರು ಅಗಲವಾದುದು. ಅದಕ್ಕೆ ಅಂಗುಲದ ಸಾವಿರದ ಮೂರು ಭಾಗದಷ್ಟು ದುಂಡನೆಯ ಮೊನೆ ಬೇಕು. ವಿನೈಲಿಗೆ ಸಾವಿರದ ಒಂದು ಭಾಗ, ಇಲ್ಲವೆ ಅದಕ್ಕೂ ಸಣ್ಣದು. ಸಣ್ಣ ಸೂಜಿಯನ್ನು ಅಗಲವಾದ ಗೀರಿನಲ್ಲಿಟ್ಟರೆ ಅದು ತಳದ ಧೂಳಿನಲ್ಲಿ ಅಲೆದು ಹಾಡಿಗಿಂತ ಕರಕರ ಶಬ್ದವನ್ನೇ ಹೆಚ್ಚಾಗಿ ಕೇಳಿಸುವುದು. ಇನ್ನು ಕೀಲಿ ಕೊಡುವ ಹಳೆಯ ಗ್ರಾಮೊಫೋನಿನ ಉಕ್ಕಿನ ಸೂಜಿಯು ನೂರು ಗ್ರಾಮಿಗೂ ಮೀರಿದ ಭಾರದಿಂದ ತಟ್ಟೆಯನ್ನು ಒತ್ತುವುದು. ಈಗಿನ ಸೂಜಿಯ ಭಾರವು ಎರಡು ಗ್ರಾಮಿನ ಆಸುಪಾಸು. ತಾತನ ಪೆಟ್ಟಿಗೆಯ ಮೇಲೆ ವಿನೈಲ್ ತಟ್ಟೆಯನ್ನು ಒಂದೇ ಸಲ ತಿರುಗಿಸಿದರೂ ಗೀರುಗಳು ಕೆತ್ತಿಹೋಗುವುವು. ಹೋದ ನಾದವು ಮತ್ತೆ ಬಾರದು.

ಇಷ್ಟು ಜಾಗರೂಕತೆಯಿಂದ ಉಳಿಸಿಕೊಳ್ಳಬೇಕಾದ ವಸ್ತುವಾದರೂ ಯಾವುದು? ಗಂಗೂಬಾಯಿ ಹಾನಗಲ್ಲರ ಮೊದಮೊದಲಿನ ಮುದ್ರಿಕೆಗಳು ಗಾಂಧಾರಿ ಹಾನಗಲ್ ಎಂಬ ಹೆಸರಿನಿಂದ ಹೊರಬಂದುವು. ಅವುಗಳಲ್ಲಿ ಕೇಳುವುದು ತೆಳುವಾದ, ಏರುಶ್ರುತಿಯ ಕಂಠ. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ಧ್ವನಿಯೇ ಬದಲಾಯಿತು. ಲೋಕವು ಮೆಚ್ಚಿದ ಗಂಭೀರ ಕಂಠವು ಆ ಬಳಿಕಿನದು. ಮೊದಲನೆಯದು ಅರಗಿನಲ್ಲಿದೆ, ಎರಡನೆಯದು ವಿನೈಲಿನಲ್ಲಿದೆ. ಒಬ್ಬಳೇ ಗಾಯಕಿಯ ಎರಡು ಕಂಠಗಳನ್ನು ಸರಿಯಾಗಿ ಕೇಳಬೇಕೆನ್ನುವವನಿಗೆ ಎರಡು ಸೂಜಿಗಳು ಬೇಕೇಬೇಕು. ಇದನ್ನು ಶೋಕಿಯೆನ್ನುವುದು ಹೇಗೆ?

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಈ ಮಾತು ದೂರದ್ದಲ್ಲ. ನೆರೆಯ ಗದಗಿನಲ್ಲಿ ಬೆಳೆದ ಬಾಲಕ ಭೀಮಸೇನ ಜೋಶಿಯು ಅಂಗಡಿಯೊಂದರಲ್ಲಿ ಅಬ್ದುಲ್ ಕರೀಮ್ ಖಾನರ ಮುದ್ರಿಕೆಯನ್ನು ಕೇಳಿ, ಅಂಥ ಗಾಯನವನ್ನು ಕಲಿಯಬೇಕೆಂಬ ಹಂಬಲದಿಂದ 1933ರಲ್ಲಿ ಗುರುವನ್ನರಸಿ ಮನೆಬಿಟ್ಟನು. ಮೂರು ನಿಮಿಷದ ತಟ್ಟೆಯು ಮಾಡಿದ ಕಾರ್ಯವಿದು! ಆ ದಿನಗಳಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ನಿಜಾಮನ ರಾಜ್ಯಕ್ಕೆ ಸೇರಿದ್ದುವು. ಕಚೇರಿಯ ಭಾಷೆ ಉರ್ದು, ಶಾಲೆಯಲ್ಲಿ ಕನ್ನಡಕ್ಕೆ ಮನ್ನಣೆಯಿರಲಿಲ್ಲ. 1948ರ ವರೆಗೆ ಇದ್ದ ಆ ಗಡಿಯನ್ನು ದಾಟಿ ಬಂದ ಕನ್ನಡ ಹಾಡಿನ ತಟ್ಟೆಯು ಬರಿಯ ವಿನೋದದ ವಸ್ತುವಾಗಿರಲಾರದು. 1956ರಲ್ಲಿ ಕೂಡಿದ ನಾಡನ್ನು ಧ್ವನಿಯು ಅದಕ್ಕೂ ಮೊದಲೇ ಕೂಡಿಸಿತ್ತೆಂದರೆ ತಪ್ಪಾಗಲಾರದು.

ಇಲ್ಲಿ ಒಂದು ಮಿತಿಯನ್ನೂ ಹೇಳಬೇಕು. ಸೂಜಿಯ ತಲೆಯನ್ನು ಬದಲಿಸುವ ತಾಳ್ಮೆಯುಳ್ಳವನಿಗೆ ಒಳ್ಳೆಯ ಯಂತ್ರವೊಂದೇ ಸಾಕು. ಮರೆವುಳ್ಳವನಿಗೆ ಎರಡು ಕ್ಷೇಮ. ಮೂರನೆಯದೂ ನಾಲ್ಕನೆಯದೂ ಹೊಸ ಕೆಲಸವನ್ನೇನೂ ಮಾಡದೆ ಪಡಸಾಲೆಯಲ್ಲಿ ಮೆರೆಯುವುದಕ್ಕಾಗಿಯೇ ಇದ್ದರೆ, ಅದನ್ನು ವಿಲಾಸವೆನ್ನಲು ನಾವೂ ಹಿಂಜರಿಯೆವು. ಯಂತ್ರಗಳಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನಾದರೂ ತಟ್ಟೆಗಳ ರಕ್ಷಣೆಗೆ ವಿನಿಯೋಗಿಸುವುದು ಲೇಸು.

ರಕ್ಷಣೆಯ ಅಗತ್ಯವೇನೂ ಸಾಮಾನ್ಯವಲ್ಲ. ನಮ್ಮ ಕಡೆಯ ವೈಶಾಖದ ಬಿಸಿಲಿಗೆ ತಗಡಿನ ಮಾಡಿನ ಕೆಳಗೆ, ಅಟ್ಟದಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ತಟ್ಟೆಗಳು ಬಾಗಿ ಡೊಂಕಾಗುವುವು. ಅವನ್ನು ತಂಪಾದೆಡೆಯಲ್ಲಿ ನೆಟ್ಟಗೆ ನಿಲ್ಲಿಸಿಡಬೇಕು. ಅರಗಿನ ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಲೇಬಾರದು. ಅರಗು ಅದರಲ್ಲಿ ಕರಗುವುದು. ಕೈಜಾರಿದರೆ ಅರಗು ಒಡೆಯುವುದು. ಒಡೆದ ಚೂರುಗಳು ಹಾಡಲಾರವು.

ಆದುದರಿಂದ ಪ್ರತಿಯೊಬ್ಬನೂ ಎರಡು ಯಂತ್ರಗಳನ್ನು ಕೊಳ್ಳಲೆಂದು ನಾವು ಹೇಳುವುದಿಲ್ಲ. ಊರಿಗೆ ಎರಡಿರಲಿ ಎನ್ನುತ್ತೇವೆ. ಗ್ರಂಥಾಲಯವಾಗಲಿ ಕಾಲೇಜಾಗಲಿ ಮಠವಾಗಲಿ ಅರಗಿಗೊಂದು, ವಿನೈಲಿಗೊಂದು ಯಂತ್ರವನ್ನಿರಿಸಿ, ಬಲ್ಲವನೊಬ್ಬನ ವಶಕ್ಕೆ ಕೊಡಲಿ. ಅಟ್ಟದಲ್ಲಿ ತಟ್ಟೆಗಳಿರುವ ಗೃಹಸ್ಥರು ತಿಂಗಳಿಗೊಂದು ದಿನ ಅವನ್ನು ತರಲಿ. ನಾದವನ್ನು ಈಗಿನ ಸಾಧನಗಳಲ್ಲಿ ನಕಲು ಮಾಡಿಕೊಂಡು, ತಟ್ಟೆಯನ್ನು ಒಡೆಯನಿಗೆ ಮರಳಿಸಲಿ. ಇದಕ್ಕೆ ತಗಲುವ ವೆಚ್ಚವು ಒಂದು ಮದುವೆಯ ಮೆರವಣಿಗೆಯ ವೆಚ್ಚವನ್ನು ಮೀರಲಾರದು. ಒಬ್ಬನ ಮನೆಯಲ್ಲಿ ವಿಲಾಸವೆನಿಸುವ ಎರಡನೆಯ ಯಂತ್ರವು ಊರಿನ ನಡುವೆ ಬಂದು ನಿಂತರೆ ಲೋಕೋಪಯೋಗಿಯಾಗುವುದು. ನಾಲ್ಕು ಊರುಗಳ ಪ್ರಮುಖರು ಈ ವೈಶಾಖಕ್ಕೆ ಮೊದಲೇ ಮನಸ್ಸುಮಾಡುವರೆಂದು ಆಶಿಸುತ್ತೇವೆ. ಬಿಸಿಲು ಯಾರ ಸಭೆಗೂ ಕಾಯುವುದಿಲ್ಲ.