ದೋಣಿ ಎಂಜಿನ್ ಯಾಕೆ ನಿಂತಿತು?



ಕಳೆದ ಮಳೆಗಾಲದಲ್ಲಿ ನಮ್ಮ ಚಿಕ್ಕಪ್ಪನ ನಾಡದೋಣಿ ಅಳಿವೆ ಬಾಯಲ್ಲಿ ನಿಂತುಬಿಟ್ಟಿತು. ನಾವು ದಡದಲ್ಲಿ ನಿಂತು ನೋಡುತ್ತಿದ್ದೆವು. ಎಂಜಿನ್ ಎರಡು ಸಲ ಬಿಕ್ಕಳಿಸಿದ ಹಾಗೆ ಮಾಡಿತು, ಆಮೇಲೆ ಶಬ್ದವೇ ಇಲ್ಲ. ಹಿಂದೆ ತೆರೆ ಏಳುತ್ತಿತ್ತು. ಅಜ್ಜಿ "ದೇವ್ರೇ" ಅಂತ ಕೂತೇಬಿಟ್ಟರು. ಚಿಕ್ಕಪ್ಪ ಮೊದಲು ಲಂಗರು ಬಿಟ್ಟರು. ಆಮೇಲೆ ಎಣ್ಣೆ ಟ್ಯಾಂಕಿನ ಹತ್ತಿರ ಬಗ್ಗಿ ಏನೋ ಮಾಡಿದರು. ಸ್ವಲ್ಪ ಹೊತ್ತಿಗೆ ಎಂಜಿನ್ ಮತ್ತೆ ಹೊರಟಿತು.

ದಡಕ್ಕೆ ಬಂದ ಮೇಲೆ ಕೇಳಿದೆ. "ಎಂಜಿನ್ ಹಾಳಾದ್ದಲ್ಲ ಮಾರಾಯ, ಅದ್ಕೆ ಹೊಟ್ಟಿಗೆ ಸಿಕ್ಲಿಲ್ಲ ಅಷ್ಟೆ" ಅಂದರು. ಮಳೆನೀರು ಒಳಗೆ ಹೋಗಬಾರದು ಅಂತ ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ಬಿಗಿ ಮಾಡಿದ್ದರಂತೆ. ಹೊರಡುವಾಗ ಬಿಚ್ಚಲು ಮರೆತರಂತೆ. ಒಂದು ಸಣ್ಣ ಸ್ಕ್ರೂ, ನಾಲ್ಕು ಜನರ ಜೀವ!

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದೊಡ್ಡ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. 10 ಅಶ್ವಶಕ್ತಿವರೆಗಿನ ಎಂಜಿನ್ ಇರುವ ನಾಡದೋಣಿಗಳು ಮಾತ್ರ ಹೋಗಬಹುದು. ಅಂದರೆ ಕಡಲು ಜೋರಾಗಿರುವಾಗಲೇ ನಮ್ಮ ಸಣ್ಣ ಎಂಜಿನ್ನುಗಳಿಗೆ ಕೆಲಸ. ಗಂಗೊಳ್ಳಿ ಇರಲಿ, ಹೊನ್ನಾವರ ಇರಲಿ, ಅಳಿವೆಯಲ್ಲಿ ಮರಳಿನ ದಿಬ್ಬದ ಮೇಲೆ ತೆರೆ ಒಡೆಯುತ್ತದೆ. ಅಲ್ಲಿ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗಿ ಮಗುಚಬಹುದು. ಆದ್ದರಿಂದ ಪರೀಕ್ಷೆಯನ್ನು ದಡದಲ್ಲೇ ಮಾಡಬೇಕು.

ಎಣ್ಣೆ ಹೋಗುವ ದಾರಿ

ಟ್ಯಾಂಕು, ರಬ್ಬರ್ ಪೈಪು, ಕೈಯಲ್ಲಿ ಒತ್ತುವ ಬಲ್ಬ್, ಕನೆಕ್ಟರ್, ಫಿಲ್ಟರ್, ಪಂಪು, ಕೊನೆಗೆ ಕಾರ್ಬುರೇಟರ್. ಇದೇ ದಾರಿ. ಈ ದಾರಿಯಲ್ಲಿ ಎಲ್ಲೋ ತಡೆ ಇದ್ದರೆ ಎಂಜಿನ್ ಉಪವಾಸ. ಸಾಮಾನ್ಯವಾಗಿ ಕಿಡಿ ತಪ್ಪಿದರೆ ಎಂಜಿನ್ ಥಟ್ಟನೆ ನಿಲ್ಲುತ್ತದೆ. ಎಣ್ಣೆ ಸಾಲದಿದ್ದರೆ ಬಿಕ್ಕಳಿಸಿ, ನಿಧಾನವಾಗಿ ನಿಲ್ಲುತ್ತದೆ. ಹುಡುಕುವಾಗ ಟ್ಯಾಂಕಿನಿಂದ ಶುರು ಮಾಡಬೇಕು. ಕೆಲವರು ಮೊದಲೇ ಕಾರ್ಬುರೇಟರ್ ಬಿಚ್ಚುತ್ತಾರೆ, ಅದು ತಪ್ಪು.

1. ಗಾಳಿ ಸ್ಕ್ರೂ: ಎಣ್ಣೆ ಡಬ್ಬಿಗೆ ಒಂದೇ ತೂತು ಮಾಡಿದರೆ ಎಣ್ಣೆ ಸರಿಯಾಗಿ ಸುರಿಯುವುದಿಲ್ಲ. ಗಾಳಿಗೆ ಇನ್ನೊಂದು ತೂತು ಬೇಕಲ್ಲವೇ? ಇದೂ ಹಾಗೆಯೇ. ಸ್ಕ್ರೂ ಮುಚ್ಚಿದ್ದರೂ ಎಂಜಿನ್ ಮೊದಲು ಚೆನ್ನಾಗಿಯೇ ಓಡುತ್ತದೆ, ಸ್ವಲ್ಪ ದೂರ ಹೋದ ಮೇಲೆ ನಿಲ್ಲುತ್ತದೆ. ಮೋಸ ಇರುವುದೇ ಇಲ್ಲಿ. ಸ್ಕ್ರೂ ಬಿಚ್ಚುವಾಗ 'ಸುಂಯ್' ಅಂತ ಗಾಳಿ ಒಳಗೆ ಎಳೆದರೆ ಕಾರಣ ಸಿಕ್ಕಿತು.

2. ಬಲ್ಬ್: ಇದರ ಮೇಲಿನ ಬಾಣದ ಗುರುತು ಎಂಜಿನ್ ಕಡೆಗೆ ಇರಬೇಕು. ಒತ್ತುತ್ತಾ ಹೋದರೆ ಗಟ್ಟಿಯಾಗಬೇಕು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಎಣ್ಣೆ ಮುಗಿದಿದೆ, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಬಲ್ಬಿನ ಒಳಗಿನ ಕವಾಟ ಹಾಳಾಗಿದೆ. ಎಂಜಿನ್ ಓಡುವಾಗ ಬಲ್ಬ್ ಚಪ್ಪಟೆಯಾದರೆ ತಡೆ ಇರುವುದು ಟ್ಯಾಂಕಿನ ಕಡೆಗೆ.

3. ಪೈಪು ಮತ್ತು ಕನೆಕ್ಟರ್: ಪೈಪು ಮಡಚಿದೆಯೇ, ಬಿರುಕು ಬಿಟ್ಟಿದೆಯೇ, ಮೇಲೆ ಬಲೆಯ ಭಾರ ಬಿದ್ದಿದೆಯೇ ನೋಡಿ. ಕನೆಕ್ಟರಿನ ಒಳಗೆ ಒಂದು ಸಣ್ಣ ರಬ್ಬರ್ ಬಳೆ ಇದೆ. ಅದು ಸವೆದರೆ ಎಣ್ಣೆಯ ಬದಲು ಗಾಳಿ ಹೋಗುತ್ತದೆ.

4. ನೀರು: ಪೆಟ್ರೋಲ್, ಸೀಮೆಎಣ್ಣೆಗಿಂತ ನೀರು ಭಾರ. ಟ್ಯಾಂಕಿನ ತಳದ ಎಣ್ಣೆಯನ್ನು ಗಾಜಿನ ಬಾಟ್ಲಿಗೆ ಹಾಕಿ ಇಟ್ಟರೆ ನೀರು ಕೆಳಗೆ ಬೇರೆಯಾಗಿ ಕಾಣುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ, ಅದು ನೀರನ್ನು ಎಳೆದುಕೊಳ್ಳುತ್ತದೆ. ಹಳೇ ಪೆಟ್ರೋಲ್ ಇಟ್ಟುಕೊಂಡು ಕಡಲಿಗೆ ಹೋಗಬಾರದು.

5. ಪಂಪು: ಇದರ ಒಳಗೆ ತೆಳುವಾದ ಪೊರೆ ಇದೆ. ಎಂಜಿನ್ ತಿರುಗುವಾಗ ಹುಟ್ಟುವ ಒತ್ತಡಕ್ಕೆ ಅದು ಹಿಂದೆ ಮುಂದೆ ಆಡಿ ಎಣ್ಣೆ ಎಳೆಯುತ್ತದೆ. ಪೊರೆ ಹರಿದರೆ ಎಳೆತ ಇಲ್ಲ. ಬಲ್ಬ್ ಒತ್ತುತ್ತಾ ಇದ್ದಾಗ ಎಂಜಿನ್ ಓಡಿ, ಕೈ ಬಿಟ್ಟ ಕೂಡಲೇ ಸೊರಗಿದರೆ ಪಂಪಿನ ಮೇಲೆ ಅನುಮಾನ ಪಡಬೇಕು. ಒಬ್ಬರು ಹಾಗೇ ಒತ್ತುತ್ತಾ ಕೂತರೆ ದಡ ಸೇರಬಹುದು. ಇದನ್ನು ನೆನಪಿಡಿ!

ಇವೆಲ್ಲ ಸರಿ ಇದ್ದರೆ ಮಾತ್ರ ಫಿಲ್ಟರ್, ಕಾರ್ಬುರೇಟರ್ ಕಡೆ ಹೋಗಬೇಕು. ಕಾರ್ಬುರೇಟರ್ ಕೆಲಸ ಮೆಕ್ಯಾನಿಕ್‌ಗೇ ಬಿಡುವುದು ಒಳ್ಳೆಯದು.

ಸೀಮೆಎಣ್ಣೆ ಎಂಜಿನ್ ಇದ್ದವರಿಗೆ

ಈ ಎಂಜಿನ್ ಶುರುವಾಗುವುದು ಪೆಟ್ರೋಲಿನಲ್ಲಿ. ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ಅವಸರ ಮಾಡಿದರೆ ತಣ್ಣಗಿನ ಎಂಜಿನ್ ನಿಂತುಬಿಡುತ್ತದೆ. ಕೆಲಸ ಮುಗಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಹೊತ್ತು ಓಡಿಸಬೇಕು. ಇಲ್ಲದಿದ್ದರೆ ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿದು ಮರುದಿನ ಹಗ್ಗ ಎಳೆದು ಎಳೆದು ಕೈಸೋಲುತ್ತದೆ.

ಎಚ್ಚರಿಕೆ

ಎಂಜಿನ್ ನಿಂತರೆ ಮೊದಲು ಲಂಗರು, ಆಮೇಲೆ ರಿಪೇರಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ನಿಲ್ಲುತ್ತದೆ. ಆದ್ದರಿಂದ ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ಪೈಪನ್ನು ಬಾಯಿಂದ ಎಳೆಯಲೇಬಾರದು. ಮಕ್ಕಳು ದೊಡ್ಡವರು ಜೊತೆಗಿದ್ದಾಗ ಮಾತ್ರ ಮುಟ್ಟಬೇಕು.

ನಾವು ಕಡಲಿಗೆ ಹೋಗುವವರಲ್ಲ ನಿಜ. ಆದರೆ ಬೆಳಿಗ್ಗೆ ಟ್ಯಾಂಕ್ ಹೊರಲು ದಡದವರೆಗೆ ಹೋಗುತ್ತೇವಲ್ಲ! ಆಗ ಒಂದು ಮಾತು ಕೇಳೋಣ: "ಅಪ್ಪಯ್ಯ, ಗಾಳಿ ಸ್ಕ್ರೂ ಬಿಚ್ಚಿದ್ರ್ಯಾ?" ಬೈದರೂ ಪರವಾಗಿಲ್ಲ. ನಮ್ಮ ಚಿಕ್ಕಪ್ಪನಿಗೆ ನಾನು ದಿನಾ ಕೇಳುತ್ತೇನೆ. ಈಗ ಅವರು ನಾನು ಕೇಳುವ ಮೊದಲೇ "ಬಿಚ್ಚಿದೆ ಮಾರಾಯ" ಅನ್ನುತ್ತಾರೆ.

– 9ನೇ ತರಗತಿಯ ಒಬ್ಬ ವಿದ್ಯಾರ್ಥಿ