ಗೋರ್ಖಾ ಬೆಟ್ಟದ ಶಾಲೆಯಲ್ಲಿ ಏಳು ವಾರ

ವಿದೇಶಕ್ಕೆ ಹೋಗಿ ಶಾಲೆಯಲ್ಲಿ ಪಾಠ ಮಾಡಿ ಬಂದೆ ಅಂದ್ರೆ ಎಲ್ಲರ ಕಣ್ಣೂ ಅರಳುತ್ತೆ. ಯಾವ ದೇಶ ಅಂತ ಕೇಳ್ತಾರೆ. ನೇಪಾಳ ಅಂದ ಕೂಡಲೇ ‘ಓ, ಅಷ್ಟೇನಾ’ ಅನ್ನುವ ದನಿ! ನಿಜ, ನಮಗೆ ಅಲ್ಲಿಗೆ ವೀಸಾ ಬೇಡ. ಎರಡೂ ದೇಶದವರು ಪರಸ್ಪರರ ನೆಲದಲ್ಲಿ ಓಡಾಡಬಹುದು, ವಾಸ ಮಾಡಬಹುದು ಅಂತ 1950ರಲ್ಲೇ ಒಪ್ಪಂದವಾಗಿದೆ. ವಿಮಾನದಲ್ಲಿ ಹೋಗೋಕೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು. ನಮ್ಮ 100 ರೂಪಾಯಿ ಅಲ್ಲಿ 160 ರೂಪಾಯಿ. ಗಡಿಯಾರವನ್ನು 15 ನಿಮಿಷ ಮುಂದಿಟ್ಟುಕೊಂಡರೆ ಆಯ್ತು. ಆದರೆ ಇಷ್ಟು ಹತ್ತಿರದ ದೇಶದ ಬಗ್ಗೆ ನನಗೆ ಗೊತ್ತಿದ್ದದ್ದು ಎವರೆಸ್ಟ್, ಪಶುಪತಿನಾಥ, ಮತ್ತೆ ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಅಣ್ಣ, ಅಷ್ಟೇ.

ಆಫೀಸಿನಲ್ಲಿ ಸಂಬಳವಿಲ್ಲದ ರಜೆ ಕೇಳಿ ಏಳು ವಾರ ಪಡೆದೆ. ಗೋರ್ಖಾ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಕಂಪ್ಯೂಟರ್ ಹೇಳಿಕೊಡೋದು, ಅದೇ ಹಳ್ಳಿಯ ಒಂದು ಮನೆಯಲ್ಲಿ ಇರೋದು ಅಂತ ಏರ್ಪಾಡಾಗಿತ್ತು. ಊಟ, ವಸತಿಗೆ ಆ ಮನೆಯವರಿಗೆ ನೇರವಾಗಿ ಹಣ ಕೊಡುತ್ತಿದ್ದೆ.

ಕೋದೋ ಅಂದ್ರೆ ನಮ್ಮ ರಾಗಿ

ಮನೆಯ ಯಜಮಾನಿಯನ್ನು ಎಲ್ಲರೂ ಆಮಾ ಅಂತಿದ್ದರು, ನಾನೂ ಹಾಗೇ ಕರೆದೆ. ಗಂಡ ಮಲೇಷ್ಯಾದಲ್ಲಿ ದುಡಿಮೆ. ಮನೆಯಲ್ಲಿ ಆಮಾ, ಅತ್ತೆ, 12ನೇ ಕ್ಲಾಸ್ ಮುಗಿಸಿದ ಮಗ, 10ನೇ ಕ್ಲಾಸಿನ ಮಗಳು, ಎರಡು ಎಮ್ಮೆ.

ಬೆಳಗ್ಗೆ ಒಂಬತ್ತಕ್ಕೆಲ್ಲ ದಾಲ್, ಭಾತ್, ತರಕಾರಿ. ಅದೇ ಮೊದಲ ಊಟ, ತಿಂಡಿ ಅಲ್ಲ. ಸಂಜೆ ಏಳಕ್ಕೆ ಮತ್ತೆ ಅದೇ. ಜೊತೆಗೆ ಗುಂದ್ರುಕ್, ಅಂದರೆ ಸೊಪ್ಪನ್ನು ಹುಳಿ ಬರಿಸಿ ಒಣಗಿಸಿಟ್ಟುಕೊಂಡು ಮಾಡುವ ಸಾರು. ಒಂದು ರಾತ್ರಿ ಆಮಾ ‘ಇದು ನಿನಗೆ ಹಿಡಿಸಲ್ಲವೇನೋ’ ಅಂತ ಹಿಂಜರಿಯುತ್ತಾ ಢಿಂಡೋ ಬಡಿಸಿದರು. ನೋಡಿದರೆ ರಾಗಿ ಮುದ್ದೆ! ಅವರ ಕೋದೋ ನಮ್ಮ ರಾಗಿಯೇ. ನಾನು ಅಗಿಯದೆ ನುಂಗಿದ್ದು ನೋಡಿ ಅಜ್ಜಿಗೆ ನಗುವೋ ನಗು. ಅಲ್ಲೂ ಅದನ್ನು ನುಂಗುವುದೇ ಕ್ರಮವಂತೆ.

ದಾರಿಯಲ್ಲಿ ಸಿಕ್ಕವರೆಲ್ಲ ‘ಭಾತ್ ಖಾನು ಭಯೋ?’ ಅಂತಾರೆ. ನಮ್ಮ ‘ಊಟ ಆಯ್ತಾ?’ ಥರಾನೇ. ಎಂಜಲಿಗೆ ಅವರು ಜುಠೋ ಅಂತಾರೆ, ನಿಯಮ ಅದೇ. ನೀರಿನ ಬಾಟಲಿ ತುಟಿಗೆ ತಾಗಿಸದೆ ಕುಡಿಯೋದು ನನಗೆ ಅಭ್ಯಾಸವಿದ್ದದ್ದು ನೋಡಿ, ‘ಬಿಳಿಯರಿಗೆ ಇದನ್ನೆಲ್ಲ ಹೇಳಿಕೊಡಬೇಕು, ನೀನು ಕಲಿತೇ ಬಂದಿದ್ದೀಯಲ್ಲ’ ಅಂದರು ಆಮಾ.

ಇನ್ನೊಂದು ವಿಷಯವೂ ನನಗೆ ಹೊಸದಲ್ಲ. ತಿಂಗಳ ಆ ದಿನಗಳಲ್ಲಿ ಹೆಂಗಸರು ಅಡುಗೆಮನೆಗೆ, ದೇವರ ಕೋಣೆಗೆ ಹೋಗುವ ಹಾಗಿಲ್ಲ. ಮಲೆನಾಡಿನ ನಮ್ಮಜ್ಜಿ ಮನೆಯಲ್ಲೂ ಹೀಗೇ ಇತ್ತು. ಪಶ್ಚಿಮ ನೇಪಾಳದ ಕೆಲವು ಕಡೆ ಹೆಣ್ಣುಮಕ್ಕಳನ್ನು ಗುಡಿಸಲಿಗೆ ಕಳಿಸುವ ಛೌಪಡಿ ಪದ್ಧತಿಯನ್ನು 2017ರ ಕಾನೂನು ಅಪರಾಧ ಅಂತ ಘೋಷಿಸಿದೆ. ನಾನಿದ್ದ ಮನೆಯಲ್ಲಿ ಅಷ್ಟೆಲ್ಲ ಇರಲಿಲ್ಲ. ಆ ದಿನಗಳಲ್ಲಿ ನನ್ನ ತಟ್ಟೆ ಜಗಲಿಗೆ ಬರುತ್ತಿತ್ತು. ನಾನು ವಾದಕ್ಕೆ ಇಳಿಯಲಿಲ್ಲ. ಆದರೆ ಮಗಳು ತನ್ನ ತಟ್ಟೆ ತಂದು ನನ್ನ ಪಕ್ಕ ಕೂತು, ‘ಮಿಸ್, ನಿಮ್ಮ ಬೆಂಗಳೂರಿನ ಮನೇಲೂ ಹೀಗೇನಾ?’ ಅಂತ ಕೇಳಿದಾಗ, ‘ಇಲ್ಲಪ್ಪ, ಅಲ್ಲಿ ಅಡುಗೆ ನಾನೇ ಮಾಡ್ಕೋಬೇಕು’ ಅಂದೆ. ಒಳಗಿದ್ದ ಆಮಾಗೂ ಕೇಳಿಸಿತು. ಏನೂ ಅನ್ನಲಿಲ್ಲ.

‘ನೀವು ಹೋದ ಮೇಲೆ?’

ಶಾಲೆ ಶುರುವಾಗೋದು ಹತ್ತಕ್ಕೆ. ಆಗ ರಜೆ ಇದ್ದದ್ದು ಶನಿವಾರ, ಭಾನುವಾರ ಪಾಠ ಇರುತ್ತಿತ್ತು. ಈ ಶನಿವಾರದ ಬಗ್ಗೆ ಊರಿನವರು ಕೈಮುಗಿದು ಮಾತಾಡ್ತಾರೆ. 2015ರ ಏಪ್ರಿಲ್ 25ರ ಭೂಕಂಪದ ಕೇಂದ್ರ ಇದೇ ಜಿಲ್ಲೆಯ ಬಾರ್ಪಾಕ್ ಬಳಿ. ಹೊತ್ತು ಸುಮಾರು ಮಧ್ಯಾಹ್ನ ಹನ್ನೆರಡು. ದೇಶದಲ್ಲಿ ಸಾವಿರಾರು ತರಗತಿ ಕೋಣೆಗಳು ಕುಸಿದವು. ಅಂದು ಶನಿವಾರ, ಕೋಣೆಗಳಲ್ಲಿ ಮಕ್ಕಳಿರಲಿಲ್ಲ. ಈಗಿರುವ ತಗಡಿನ ಮಾಡಿನ ಕಟ್ಟಡ ಆಮೇಲೆ ಕಟ್ಟಿದ್ದು.

ಮೊದಲ ದಿನವೇ ಹೆಡ್‌ಸರ್ ಕಂಪ್ಯೂಟರ್ ಕೋಣೆಯ ಬೀಗ ತೆಗೆದು ತೋರಿಸಿದರು. ದಾನಿಗಳು ಕೊಟ್ಟ ಹತ್ತು ಕಂಪ್ಯೂಟರ್, ಮೇಲೆ ಹೊದಿಸಿದ ಬಟ್ಟೆ. ‘ಹಿಂದೆ ಬಂದವರು ಮಕ್ಕಳಿಗೆ ಹಾಡು ಕಲಿಸಿದರು, ಗೋಡೆಗೆ ಬಣ್ಣ ಬಳಿದರು, ಫೋಟೊ ತೆಗೆಸಿಕೊಂಡು ಹೋದರು. ನೀವು ಹೋದ ಮೇಲೆ ಈ ಬೀಗ ಮತ್ತೆ ಬೀಳಬಾರದು. ಅಷ್ಟು ಮಾಡ್ತೀರಾ?’ ಅಂದರು.

ಹಾಗಾಗಿ ನನ್ನ ಮುಖ್ಯ ವಿದ್ಯಾರ್ಥಿಗಳು ಇಬ್ಬರು ಶಿಕ್ಷಕರು. ಮಕ್ಕಳಿಗೆ ಪಾಠ ಅವರೇ ಮಾಡಬೇಕು, ನಾನು ಹಿಂದಿನ ಬೆಂಚಿನಲ್ಲಿ. ಆಗ ಪಠ್ಯದಲ್ಲಿದ್ದದ್ದು ಕ್ಯೂಬೇಸಿಕ್. ಕೆಲಸದಲ್ಲಿ ಯಾರೂ ಮುಟ್ಟದ ಭಾಷೆ ಅದು. ಆದರೆ 10ನೇ ಕ್ಲಾಸಿನ ಎಸ್‌ಇಇ ಪರೀಕ್ಷೆಗೆ ಅದೇ ಬರೋದು, ಅದನ್ನೇ ಕಲಿಸಿದೆವು. ಹಿಂದೆ ಈ ಪರೀಕ್ಷೆಯ ಹೆಸರು ಎಸ್‌ಎಲ್‌ಸಿ, ಜನ ಅದನ್ನು ‘ಕಬ್ಬಿಣದ ಬಾಗಿಲು’ ಅಂತಿದ್ದರು. ಆ ಭಯ ಇನ್ನೂ ಹೋಗಿಲ್ಲ.

ನಿಜವಾಗಿ ಉಪಯೋಗಕ್ಕೆ ಬಂದದ್ದು ಬೇರೆಯೇ. ಪ್ರಶ್ನೆಪತ್ರಿಕೆಗಳನ್ನು ಪ್ರೀತಿ ಅನ್ನುವ ಹಳೆಯ ಫಾಂಟಿನಲ್ಲಿ ಟೈಪ್ ಮಾಡ್ತಿದ್ದರು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಗೊಜ್ಜು. ನಮ್ಮ ಹಳೆಯ ನುಡಿ ಕಡತಗಳ ಗೋಳು ನೆನಪಿದೆಯಲ್ಲ? ಅದೇ. ಯೂನಿಕೋಡ್‌ಗೆ ಬದಲಾಯಿಸಿ, ಅಂಕಪಟ್ಟಿಗೆ ಒಂದು ಸ್ಪ್ರೆಡ್‌ಶೀಟ್ ಮಾಡಿಕೊಟ್ಟೆ. ಕಂಪ್ಯೂಟರ್ ತಮ್ಮದೇ ಕೆಲಸ ಕಡಿಮೆ ಮಾಡುತ್ತೆ ಅಂತ ಗೊತ್ತಾದ ಮೇಲೆ ಶಿಕ್ಷಕರೇ ದಿನಾ ಬೀಗ ತೆಗೆಯತೊಡಗಿದರು. ನೆಟ್ ಬಂದು ಹೋಗಿ ಮಾಡುತ್ತಿದ್ದರಿಂದ, ಓಎಲ್‌ಇ ನೇಪಾಳ ಸಂಸ್ಥೆ ನೇಪಾಳಿ ಮಕ್ಕಳಿಗಾಗಿಯೇ ಮಾಡಿರುವ ಇ-ಪಾಠ್ ಪಾಠಗಳನ್ನು ಕಂಪ್ಯೂಟರಿನಲ್ಲೇ ಹಾಕಿಟ್ಟೆ.

ಈ ಬೆಟ್ಟಗಳಿಗೆ ನೆಟ್ ಬಂದ ಕಥೆಯೂ ದೊಡ್ಡದು. ಮ್ಯಾಗ್ದಿ ಜಿಲ್ಲೆಯ ನಾಂಗಿ ಹಳ್ಳಿಯ ಮಹಾಬೀರ್ ಪುನ್ ಅನ್ನುವ ಮೇಷ್ಟ್ರು, ಬೆಟ್ಟದಿಂದ ಬೆಟ್ಟಕ್ಕೆ ವೈರ್‌ಲೆಸ್ ಜಾಲ ಹೆಣೆದು 2007ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಶಿಕ್ಷಕರಿಗೆ ಹುಮ್ಮಸ್ಸು ಬರಲು ಅವರ ಹೆಸರು ಸಾಕಿತ್ತು.

ಆಮಾ ಕೇಳಿದ ಸಹಾಯ

ಐದನೇ ವಾರ ಆಮಾ ಒಲೆ ಮುಂದೆ ಕೂತು ಮೆತ್ತಗೆ ಹೇಳಿದರು: ‘ನಾನಿ, ನೀನು ಓದಿದವಳು. ಮಗ ಕತಾರಿಗೆ ಹೋಗ್ತಾನಂತೆ. ಬೇಡ ಅಂತ ಹೇಳು.’

ನೇಪಾಳದ ಒಟ್ಟು ಆದಾಯದ ಸುಮಾರು ನಾಲ್ಕನೇ ಒಂದು ಭಾಗ ಹೊರಗೆ ದುಡಿಯುವವರು ಕಳಿಸುವ ಹಣ. ಆ ಮನೆಯ ತಗಡಿನ ಮಾಡು, ಮಗಳ ಪುಸ್ತಕ ಎಲ್ಲ ಅದರಿಂದಲೇ. ನಾನೂ ಊರು ಬಿಟ್ಟು ಬೆಂಗಳೂರು ಸೇರಿದವಳು. ಅವನಿಗೆ ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಅವನನ್ನು ಕೂರಿಸಿಕೊಂಡು ಕಾಗದ ತೋರಿಸು ಅಂದೆ. ಏಜೆಂಟ್ ಕೇಳಿದ್ದು ಲಕ್ಷಕ್ಕೂ ಮೇಲೆ. ಅದಕ್ಕೆ ಊರಿನಲ್ಲಿ ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯ ಸಾಲ. ಕಾಂಟ್ರ್ಯಾಕ್ಟ್ ಇಂಗ್ಲಿಷಿನಲ್ಲಿ, ಓದಿಯೇ ಇರಲಿಲ್ಲ.

2015ರಿಂದ ನೇಪಾಳದಲ್ಲಿ ಒಂದು ನಿಯಮವಿದೆ. ಕತಾರ್, ಮಲೇಷ್ಯಾ ಸೇರಿ ಏಳು ದೇಶಗಳಿಗೆ ಹೋಗುವವರ ವೀಸಾ, ಟಿಕೆಟ್ ಖರ್ಚು ಕೆಲಸ ಕೊಡುವವರದೇ. ಏಜೆನ್ಸಿ ಸೇವಾಶುಲ್ಕ ಅಂತ ಹೆಚ್ಚೆಂದರೆ 10,000 ನೇಪಾಳಿ ರೂಪಾಯಿ ತೆಗೆದುಕೊಳ್ಳಬಹುದು. ನಿಯಮ ಇದೆ, ಪಾಲನೆ ಕಡಿಮೆ. ಎರಡು ಸಂಜೆ ಕೂತು ಕಾಂಟ್ರ್ಯಾಕ್ಟಿನ ಒಂದೊಂದು ಸಾಲನ್ನೂ ನಾನು ಹಿಂದಿಯಲ್ಲಿ ಹೇಳಿದೆ, ತಂಗಿ ನೇಪಾಳಿಯಲ್ಲಿ ಬರೆದಳು. ಸಾಲ, ಬಡ್ಡಿ, ಸಂಬಳ ಲೆಕ್ಕ ಹಾಕಿದಾಗ ಮೊದಲ ವರ್ಷದ ದುಡಿಮೆಯ ಬಹುಪಾಲು ಸಾಲಕ್ಕೇ ಹೋಗುತ್ತಿತ್ತು. ಲೆಕ್ಕ ನೋಡಿ ಅವನು ಆ ಏಜೆಂಟನ್ನು ಬಿಟ್ಟ.

ಆಮೇಲೆ ಹೋಗಲೇ ಇಲ್ಲವಾ? ಹೋದ. ಆರು ತಿಂಗಳ ನಂತರ, ಇನ್ನೊಂದು ಏಜೆನ್ಸಿ ಮೂಲಕ, ರಸೀದಿ ಹಿಡಿದು, ಕಾಂಟ್ರ್ಯಾಕ್ಟ್ ಓದಿಕೊಂಡು. ಸಾಲ ಇತ್ತು, ಮೊದಲಿನದರ ಕಾಲುಭಾಗ. ಆಮಾಗೆ ನನ್ನ ಮೇಲೆ ಪೂರ್ತಿ ಸಮಾಧಾನವಿಲ್ಲ, ಅದು ನನಗೆ ಗೊತ್ತು. ಫೋನ್ ಮಾಡಿದಾಗ ಮಗನ ಸುದ್ದಿಗಿಂತ ಮೊದಲು ಎಮ್ಮೆ ಸುದ್ದಿ ಹೇಳ್ತಾರೆ.

ಹೋಗುವ ಮನಸ್ಸಿದ್ದರೆ

ಅನಾಥಾಶ್ರಮದಲ್ಲಿ ಸೇವೆ ಅಂತ ಕರೆದರೆ ದಯವಿಟ್ಟು ಹೋಗಬೇಡಿ. ನೇಪಾಳದ ಇಂಥ ಆಶ್ರಮಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಇದ್ದಾರೆ. ಪ್ರವಾಸಿಗಳ ಹಣ ಬರುತ್ತೆ ಅಂತಲೇ ಮಕ್ಕಳನ್ನು ಹಳ್ಳಿಯಿಂದ ಕರೆತರುವ ದಂಧೆಯ ಬಗ್ಗೆ ಯುನಿಸೆಫ್ ಕೂಡ ಎಚ್ಚರಿಸಿದೆ.

ಶಾಲೆಗೆ ಹೋಗುವುದಾದರೆ, ಅವರಿಗೆ ಏನು ಬೇಕು ಅಂತ ಮೊದಲೇ ಬರೆದು ಕೇಳಿ. ನೀವು ಕೊಡುವ ಹಣದಲ್ಲಿ ಮನೆಯವರಿಗೆ ಎಷ್ಟು, ಶಾಲೆಗೆ ಎಷ್ಟು, ಮಧ್ಯವರ್ತಿಗೆ ಎಷ್ಟು ಅಂತ ವಿಚಾರಿಸಿ. ಮಕ್ಕಳ ಫೋಟೊ ಹಾಕುವ ಮುನ್ನ ಮನೆಯವರ ಒಪ್ಪಿಗೆ ಪಡೆಯಿರಿ. ದಸೈಂ ಹಬ್ಬದ ಹೊತ್ತಿಗೆ ಶಾಲೆಗೆ ದೀರ್ಘ ರಜೆ, ಅದನ್ನು ನೋಡಿಕೊಂಡು ದಿನ ಗೊತ್ತುಮಾಡಿ. ಮತ್ತೆ, ಹಿರಿಯರಿಗೆ ‘ತಪಾಯಿ’ ಅನ್ನಿ, ‘ತಿಮಿ’ ಅಲ್ಲ. ನೀವು–ನೀನು ವ್ಯತ್ಯಾಸ ಗೊತ್ತಿರುವ ನಮಗೆ ಇದೇನು ಕಷ್ಟವಲ್ಲ.

ಹೋದ ತಿಂಗಳು ಹೆಡ್‌ಸರ್ ಒಂದು ಪ್ರಶ್ನೆಪತ್ರಿಕೆ ಕಳಿಸಿದ್ದರು, ಯೂನಿಕೋಡಿನಲ್ಲಿ. ನನ್ನ ಮೊಬೈಲಿನಲ್ಲಿ ಸರಿಯಾಗಿ ತೆರೆಯಿತು.